ಊಟಕ್ಕೆ ಮುಂಚೆ ಆಡಬಾರದ ಮಾತು

ನಾನು ನಿವೃತ್ತಳಾದ ಮೇಲೆ ನಮ್ಮ ಆಸ್ಪತ್ರೆಯವರು ಒಂದು ಸಲ ಮಾತಾಡಲು ಕರೆದರು. ಹೊಸದಾಗಿ ಸೇರಿದ ಡಾಕ್ಟರುಗಳಿಗೂ ಲ್ಯಾಬಿನವರಿಗೂ ನನ್ನ ಅನುಭವ ಹೇಳಬೇಕಂತೆ. ವಿಷಯ ಏನು ಎಂದು ಫೋನಿನಲ್ಲಿ ಕೇಳಿದ ಹುಡುಗಿಗೆ ಮಲ ಪರೀಕ್ಷೆ ಎಂದೆ. ಆಮೇಲೆ, "ಮೇಡಂ, ನಿಮ್ಮ ಮಾತು ಮುಗಿದ ಕೂಡಲೇ ಊಟ ಉಂಟು. ಬೇರೆ ಏನಾದ್ರೂ ಹೇಳಬಹುದಾ?" ಎಂದಳು. ಬೇರೆ ಏನೂ ಹೇಳಲಾರೆ ಎಂದು ಫೋನ್ ಇಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊಟ ಮಾಡುತ್ತಾ ಓದುವವರು ತಟ್ಟೆಯನ್ನಾದರೂ ಪಕ್ಕಕ್ಕಿಡಿ, ಇದನ್ನಾದರೂ ಪಕ್ಕಕ್ಕಿಡಿ. ನಾನಂತೂ ಮಾತು ಬದಲಿಸುವುದಿಲ್ಲ.

ನಾನು ಸೋಮವಾರಪೇಟೆ ಕಡೆಯವಳು. ಡಾಕ್ಟರಾಗಿ ಕೆಲಸ ಮಾಡಿದ್ದೆಲ್ಲ ಸಿದ್ದಾಪುರದ ಆಸುಪಾಸಿನ ಕಾಫಿ ತೋಟಗಳ ನಡುವಿನ ಒಂದು ಆಸ್ಪತ್ರೆಯಲ್ಲಿ. ಹೆಸರು ಬೇಡ, ಅಲ್ಲಿಯವರು ಈಗಲೂ ದುಡಿಯುತ್ತಿದ್ದಾರೆ. ಜಗಳಗಂಟಿ ಎಂದು ನನ್ನನ್ನು ಬೆನ್ನ ಹಿಂದೆ ಕರೆಯುತ್ತಿದ್ದರು. ಮುಂದೆ ಕರೆದಿದ್ದರೂ ನನಗೇನು ಬೇಜಾರಿರಲಿಲ್ಲ. ಮೊದಲರ್ಧ ಒಬ್ಬ ಮೇಲಧಿಕಾರಿಯ ಜೊತೆ ರಕ್ತ ನೋಡಿ ಎಂದು ಜಗಳವಾಡಿದೆ, ಉಳಿದರ್ಧ ಇನ್ನೊಬ್ಬರ ಜೊತೆ ರಕ್ತ ಮಾತ್ರ ನೋಡಬೇಡಿ ಎಂದು ಜಗಳವಾಡಿದೆ. ಸೆಲ್ವಿ ಎಂಬ ಹೆಣ್ಣುಮಗಳು ಬದುಕುತ್ತಾಳೋ ಇಲ್ಲವೋ ಎಂಬುದು ಆ ಎರಡನೆಯ ಜಗಳದ ಮೇಲೆ ನಿಂತಿತ್ತು. ಅವಳ ವಿಷಯಕ್ಕೆ ಬರುವ ಮೊದಲು ಮೊದಲನೆಯ ಜಗಳ ಹೇಳಬೇಕು.

ನಾನು ಸೇರಿದಾಗ ಇದ್ದ ದೊಡ್ಡ ಡಾಕ್ಟರು ನೋಡಲು ಗಂಭೀರ, ಕೈಗುಣ ಒಳ್ಳೆಯದು ಎಂದು ಹೆಸರು. ಹೊಟ್ಟೆನೋವಿನ ಬಗ್ಗೆ ಅವರದು ಒಂದೇ ಸಿದ್ಧಾಂತ. ಲೈನಿನವರಿಗೆ ಬಂದರೆ ಹುಳ, ಬಂಗಲೆಯವರಿಗೆ ಬಂದರೆ ಗ್ಯಾಸು. ಲೈನು ಎಂದರೆ ತೋಟದ ಕೆಲಸಗಾರರು ಇರುವ ಸಾಲುಮನೆಗಳು. ಅಲ್ಲಿಂದ ಯಾರು ಹೊಟ್ಟೆ ಹಿಡಿದುಕೊಂಡು ಬಂದರೂ ಹುಳದ ಮಾತ್ರೆ ಬರೆದು ಕಳಿಸುತ್ತಿದ್ದರು. ಮಲದಲ್ಲಿ ಹುಳದ ಮೊಟ್ಟೆ ಕಂಡಿತೋ, ಮುಗಿಯಿತು, ಹುಡುಕುವ ಕೆಲಸ ಅಲ್ಲಿಗೆ ನಿಂತಿತು. ನಮ್ಮ ವೃತ್ತಿಯ ದೊಡ್ಡ ರೋಗ ಇದೇ. ಒಂದು ಸಿಕ್ಕಿದರೆ ಇನ್ನೊಂದು ಇರಬಹುದು ಎಂದು ನಮಗೆ ಹೊಳೆಯುವುದಿಲ್ಲ. ಕರುಳಿಗೆ ಅಂಥ ನಿಯಮವೇನೂ ಇಲ್ಲ. ಹುಳ ಇರುವ ಹೊಟ್ಟೆಗೇ ಟೈಫಾಯಿಡ್ ಬರುತ್ತದೆ, ಆಮಶಂಕೆಯ ಅಮೀಬಾ ಇರುವ ಕರುಳಿಗೇ ಬ್ಯಾಕ್ಟೀರಿಯಾ ನುಗ್ಗುತ್ತದೆ.

ತೋಟದ ಲಾರಿ ಡ್ರೈವರ್ ಒಬ್ಬ ಜ್ವರ, ಹೊಟ್ಟೆನೋವು ಎಂದು ಬಂದ. ಮಲದಲ್ಲಿ ಜಂತುಹುಳದ ಮೊಟ್ಟೆ ರಾಶಿ ರಾಶಿ. ಜ್ವರಕ್ಕೆ ಹುಳ ಕಾರಣವಲ್ಲ, ಟೈಫಾಯಿಡಿಗೆ ರಕ್ತ ನೋಡೋಣ ಎಂದೆ. "ಹುಳ ಸಿಕ್ಕಿತಲ್ಲಮ್ಮ, ಇನ್ನೇನು ಹುಡುಕ್ತೀಯ?" ಎಂದರು ದೊಡ್ಡ ಡಾಕ್ಟರು. ವಾಡಿಕೆಯಂತೆ ನೋಡಿದ್ದ ಇಎಸ್‌ಆರ್, ಅಂದರೆ ರಕ್ತಕಣ ತಳಕ್ಕೆ ಕೂರುವ ವೇಗ, ಜಾಸ್ತಿ ಇದೆ ಎಂದು ತೋರಿಸಿದೆ. "ಈ ಊರಲ್ಲಿ ಯಾರಿಗೆ ಕಡಿಮೆ ಇದೆ ಹೇಳು" ಎಂದು ನಕ್ಕರು. ಆ ಮಾತು ಸುಳ್ಳಾಗಿರಲಿಲ್ಲ. ರಕ್ತಹೀನತೆ, ಹಳೆಯ ಕಾಯಿಲೆ, ಏನಿದ್ದರೂ ಇಎಸ್‌ಆರ್ ಏರುತ್ತದೆ, ಏರಿದ್ದು ಬೇಗ ಇಳಿಯುವುದೂ ಇಲ್ಲ. ಕೆಲವು ದಿನ ಬಿಟ್ಟು ಡ್ರೈವರ್ ಮತ್ತೆ ಬಂದಾಗ ಟೈಫಾಯಿಡಿನಿಂದ ಕರುಳು ತೂತಾಗಿತ್ತು. ಮೈಸೂರಿಗೆ ಕಳಿಸಿದೆವು. ಪಿರಿಯಾಪಟ್ಟಣ ದಾಟಲಿಲ್ಲ.

ಆಗ ಹತ್ತಿದ ಸಿಟ್ಟು ನನಗೆ ಇಳಿಯಲಿಲ್ಲ, ಇಳಿಯಲು ಬಿಡಲೂ ಇಲ್ಲ. ಸಿಆರ್‌ಪಿ ಪರೀಕ್ಷೆ ತರಿಸಿ ಎಂದು ಗಂಟುಬಿದ್ದೆ. ಮೈಯಲ್ಲಿ ಎಲ್ಲಾದರೂ ಉರಿಯೂತ ಎದ್ದರೆ ಲಿವರ್ ರಕ್ತಕ್ಕೆ ಬಿಡುವ ಒಂದು ಪ್ರೋಟೀನು ಅದು. ಬ್ಯಾಕ್ಟೀರಿಯಾ ಹೊಕ್ಕರೆ ಬೇಗ ಏರುತ್ತದೆ, ಔಷಧಿ ಹತ್ತಿದರೆ ಬೇಗ ಇಳಿಯುತ್ತದೆ. ಬರೀ ಹುಳ ಇದ್ದರೆ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಆಗೆಲ್ಲ ಯಂತ್ರ ಇರಲಿಲ್ಲ. ಕಪ್ಪು ಗಾಜಿನ ಮೇಲೆ ರಕ್ತದ ತಿಳಿಯ ಜೊತೆ ಹಾಲಿನಂಥ ಒಂದು ಹನಿ ಬೆರೆಸಿ ಮೆಲ್ಲಗೆ ತಿರುಗಿಸಬೇಕು. ಉರಿಯೂತ ಇದ್ದರೆ ಹಾಲು ಒಡೆದ ಹಾಗೆ ಹರಳು ಹರಳಾಗುತ್ತದೆ. ನಮ್ಮ ಲ್ಯಾಬಿನ ಶ್ರೀಧರನ್ ಅದನ್ನು ಮೊದಲ ಸಲ ಮಾಡಿದ ದಿನ ನನ್ನನ್ನು ಕರೆದು ತೋರಿಸಿದ. ಅವನೂ ನಾನೂ ಗಾಜನ್ನು ಬೆಳಕಿಗೆ ಹಿಡಿದು ಮದುವೆ ಮನೆಯ ಆಭರಣ ನೋಡುವವರ ಹಾಗೆ ನೋಡಿದೆವು. ದೊಡ್ಡ ಡಾಕ್ಟರು ಮಾತ್ರ ನಿವೃತ್ತರಾಗುವವರೆಗೂ ಅದನ್ನು 'ನಿಮ್ಮ ಹಾಲು' ಎಂದೇ ಕರೆದರು.

ಅವರು ಹೋದರು, ಯಂತ್ರ ಬಂತು, ಡಾಕ್ಟರ್ ಬೋಪಣ್ಣ ಬಂದರು. ನನಗಿಂತ ಬಹಳ ಚಿಕ್ಕವರು, ಬಂದದ್ದು ಸೂಪರಿಂಟೆಂಡೆಂಟ್ ಆಗಿ. ಚುರುಕು ಮನುಷ್ಯ. ಲ್ಯಾಬಿಗೆ ಬಣ್ಣ ಹೊಡೆಸಿದರು, ಸಿಆರ್‌ಪಿಯನ್ನು ಅಂಕಿಯಲ್ಲೇ ಹೇಳುವ ಪುಟ್ಟ ಯಂತ್ರ ತರಿಸಿದರು. ನಾನು ಬಹಳ ಖುಷಿಪಟ್ಟೆ. ಆ ಖುಷಿ ಹೆಚ್ಚು ಕಾಲ ಉಳಿಯಲಿಲ್ಲ. ಅಂಕಿ ಬಂದ ಮೇಲೆ ಎಲ್ಲರಿಗೂ ಅಂಕಿಯೇ ಸಾಕಾಯಿತು. ಏರಿದ್ದರೆ ಆಂಟಿಬಯಾಟಿಕ್, ಏರದಿದ್ದರೆ ಮನೆಗೆ. ಮಲ ನೋಡುವ ಮೈಕ್ರೋಸ್ಕೋಪು ಕೈತೊಳೆಯುವ ಬೇಸಿನ್ ಪಕ್ಕದ ಮೂಲೆಗೆ ಹೋಯಿತು.

ಬಿಟ್ಟಂಗಾಲದಿಂದ ಒಬ್ಬರು ಹಿರಿಯ ಪ್ಲಾಂಟರ್ ಬರುತ್ತಿದ್ದರು. ತೋಟದಲ್ಲಿ ದಿನಾ ಮಳೆ ಅಳೆದು ಬರೆದಿಡುವ ಅಭ್ಯಾಸ ಇವರಿಗೆಲ್ಲ ಇರುತ್ತದಲ್ಲ, ಅದೇ ಶ್ರದ್ಧೆಯಿಂದ ತಮ್ಮ ಸಿಆರ್‌ಪಿಯನ್ನೂ ಬರೆದಿಡುತ್ತಿದ್ದರು. ಹೊಟ್ಟೆ ಗುಡುಗುಡು, ನಾರುವ ತೇಗು, ಮೈ ಇಳಿದುಹೋಗಿತ್ತು. ಸಿಆರ್‌ಪಿ ಮಾತ್ರ ಪ್ರತಿ ಸಲವೂ ಸರಿಯಾಗಿದೆ. ಏನೂ ಇಲ್ಲ, ಟೆನ್ಷನ್ ಮಾಡಬೇಡಿ ಎಂದು ಪ್ರತಿ ಸಲವೂ ಕಳಿಸಿದರು. ನನ್ನ ಹತ್ತಿರ ಬಂದಾಗ ಮಲ ತನ್ನಿ ಎಂದೆ. "ಛೇ, ಅದೆಲ್ಲ ಲೈನಿನವರಿಗೆ ಅಲ್ವಾ ಡಾಕ್ಟ್ರೇ" ಎಂದರು. ತಂದರು. ಜಿಯಾರ್ಡಿಯಾ ಎಂಬ ಪರಾವಲಂಬಿ ಬೇಕಾದಷ್ಟಿತ್ತು. ಅದು ಕರುಳಿನ ಗೋಡೆಗೆ ಅಂಟಿಕೊಂಡು ತಣ್ಣಗೆ ಕೂರುತ್ತದೆ, ಸಿಆರ್‌ಪಿಗೆ ಅದರ ಸುಳಿವೇ ಸಿಗದಿರಬಹುದು. ಗುಣವಾದ ಮೇಲೆ ನನಗೆ ಕಿತ್ತಳೆ ತಂದುಕೊಟ್ಟು, ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡರು. ಹೆಸರು ಹೇಳಿಲ್ಲ, ನೋಡಿ.

ಈಗ ಸೆಲ್ವಿ.

ಸೆಲ್ವಿ ತಮಿಳು ಮಾತಾಡುವ ಮನೆಯ ಹೆಂಗಸು, ಕಾಫಿ ಕುಯ್ಯುವುದರಲ್ಲಿ ಆ ತೋಟಕ್ಕೇ ಗಟ್ಟಿಗಿತ್ತಿ. ಇಳಿಜಾರಿನಲ್ಲಿ ಜಾರುತ್ತದೆ ಎಂದು ಚಪ್ಪಲಿಯನ್ನು ದಾರಿಯ ಬದಿಯಲ್ಲೇ ಬಿಟ್ಟು ಬರಿಗಾಲಲ್ಲಿ ಪಿಕಿಂಗಿಗೆ ಇಳಿಯುವುದು ಅಲ್ಲಿ ಎಲ್ಲ ಹೆಂಗಸರ ರೂಢಿ. ಅವಳಿಗೆ ದಮ್ಮು ಬರುತ್ತಿತ್ತು. ಪೇಟೆಯ ಔಷಧಿ ಅಂಗಡಿಯಲ್ಲಿ ಯಾರೋ ಸಣ್ಣ ಬಿಳಿ ಮಾತ್ರೆ ಕೊಟ್ಟರು. ತಿಂದರೆ ಉಸಿರು ಸಲೀಸು, ಹಸಿವು ಚೆನ್ನಾಗಿ, ಮುಖವೂ ತುಂಬಿಕೊಳ್ಳುತ್ತದೆ. ಸೀಸನ್ ಪೂರ್ತಿ ತಿಂದಳು. ಅದು ಸ್ಟೀರಾಯ್ಡ್.

ಆಸ್ಪತ್ರೆಗೆ ಗಂಡ ಮಣಿ, ಅತ್ತೆ ಪಳನಿಯಮ್ಮ ಇಬ್ಬರೂ ಹಿಡಿದುಕೊಂಡು ಕರೆತಂದಾಗ ಹೊಟ್ಟೆ ಉಬ್ಬಿ ಬಿಗಿದಿತ್ತು, ವಾಂತಿ, ಮೈ ಕೆಂಡ. ಸಿಆರ್‌ಪಿ ಯಂತ್ರದ ನೆತ್ತಿ ಮುಟ್ಟಿತ್ತು. ರಕ್ತವನ್ನು ಕಲ್ಚರಿಗೆ ಕಳಿಸಿದರೆ ಕರುಳಿನಲ್ಲಿ ಇರಬೇಕಾದ ಬ್ಯಾಕ್ಟೀರಿಯಾ ರಕ್ತದಲ್ಲಿ ಬೆಳೆಯಿತು. ಆಂಟಿಬಯಾಟಿಕ್ ಶುರುಮಾಡಿದೆವು, ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ವಾಂತಿಯ ನೀರು ಹೊರಗೆ ತೆಗೆದೆವು. ಸಿಆರ್‌ಪಿ ಇಳಿಯಿತು. ಬೋಪಣ್ಣ ನನಗೆ ಅಂಕಿ ತೋರಿಸಿ, "ನೋಡಿ ಮೇಡಂ, ಬಗ್ಗಿತು" ಎಂದರು. ಮತ್ತೆ ಏರಿತು. ಕಲ್ಚರಿನಲ್ಲಿ ಅದೇ ಬ್ಯಾಕ್ಟೀರಿಯಾ. ಇನ್ನೂ ಬಲವಾದ ಆಂಟಿಬಯಾಟಿಕ್ ಕೊಟ್ಟೆವು. ಇಳಿಯಿತು. ಮತ್ತೆ ಏರಿತು. ಸೆಲ್ವಿ ಕಣ್ಣು ಬಿಟ್ಟು ನೋಡುವುದನ್ನೂ ಕಡಿಮೆ ಮಾಡಿದಳು.

ನನಗೆ ಒಂದು ಸಂಶಯ ಬಂದಿತ್ತು. ನಮ್ಮ ಮಣ್ಣಿನಲ್ಲಿ ಸ್ಟ್ರಾಂಗಿಲಾಯ್ಡಿಸ್ ಎಂಬ ನೂಲಿನಂಥ ಹುಳ ಉಂಟು, ಬರಿಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ವರ್ಷಗಟ್ಟಲೆ ಸುಮ್ಮನಿರುತ್ತದೆ. ಸ್ಟೀರಾಯ್ಡ್ ತಿಂದು ಮೈಯ ಕಾವಲು ಮಲಗಿತೋ, ಅದರ ಮರಿಗಳು ಲೆಕ್ಕವಿಲ್ಲದಷ್ಟಾಗಿ ಕರುಳು ಕೊರೆದು ಹೊರಡುತ್ತವೆ, ಹೊರಡುವಾಗ ಕರುಳಿನ ಬ್ಯಾಕ್ಟೀರಿಯಾವನ್ನೂ ಹೊತ್ತುಕೊಂಡು ರಕ್ತಕ್ಕೆ ಇಳಿಯುತ್ತವೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹೊತ್ತುತರುವವನನ್ನು ಕೊಲ್ಲುವುದಿಲ್ಲ. ಸಿಆರ್‌ಪಿ ಹೀಗೆ ಇಳಿದಿಳಿದು ಏರುವುದಕ್ಕೆ ಅದೇ ಕಾರಣ ಇರಬಹುದು ಎಂದೆ.

"ಸ್ಟೂಲ್ ಮೂರು ಸಲ ನೋಡಿಸಿದ್ದೀರಿ ಮೇಡಂ. ಮೂರೂ ನೆಗೆಟಿವ್. ಮತ್ತೆ ಇಯೊಸಿನೊಫಿಲ್ ನೋಡಿ, ಪೂರ್ತಿ ನಾರ್ಮಲ್. ಹುಳ ಇದ್ರೆ ಏರಬೇಕಿತ್ತಲ್ಲ?" ಎಂದರು ಬೋಪಣ್ಣ. ಇಯೊಸಿನೊಫಿಲ್ ಎಂದರೆ ಹುಳ ಬಂದರೆ ಹೆಚ್ಚಾಗುವ ಒಂದು ಬಗೆಯ ಬಿಳಿ ರಕ್ತಕಣ. ಸೆಲ್ವಿಯ ರಕ್ತದಲ್ಲಿ ಅದು ಸೊನ್ನೆ. ರಿಪೋರ್ಟಿನಲ್ಲಿ ಅಚ್ಚಾದ ನಾರ್ಮಲ್ ಮಿತಿ ಸೊನ್ನೆಯಿಂದಲೇ ಶುರುವಾಗುತ್ತದೆ. ಹಾಗಾಗಿ ಕಾಗದದ ಪ್ರಕಾರ ಸೆಲ್ವಿಗೆ ಏನೂ ಇಲ್ಲ.

ಆ ಸೊನ್ನೆಯೇ ನನಗೆ ಹೆದರಿಕೆ ಹುಟ್ಟಿಸಿತ್ತು. ಆ ಲೈನುಗಳಲ್ಲಿ ಇಯೊಸಿನೊಫಿಲ್ ಹೆಚ್ಚಿಲ್ಲದ ಒಬ್ಬ ಮನುಷ್ಯನನ್ನು ನಾನು ಕಂಡಿರಲಿಲ್ಲ. ಎಷ್ಟು ಸಾಮಾನ್ಯ ಎಂದರೆ ನಾವ್ಯಾರೂ ಅದನ್ನು ಓದುವುದನ್ನೇ ಬಿಟ್ಟಿದ್ದೆವು. ಎಲ್ಲರಿಗೂ ಇರುವುದು ಇವಳಿಗೆ ಮಾತ್ರ ಇಲ್ಲ ಎಂದರೆ ಅದು ಆರೋಗ್ಯವಲ್ಲ. ಸ್ಟೀರಾಯ್ಡ್ ಅದನ್ನು ಅದುಮಿ ಇಟ್ಟಿದೆ. ಎಲ್ಲೋ ಕೂತು ಯಾರದೋ ರಕ್ತ ನೋಡಿ ಬರೆದ ನಾರ್ಮಲ್ ಅನ್ನು ನಮ್ಮ ಸೆಲ್ವಿಗೆ ಹಾಕುವುದು ಯಾವ ನ್ಯಾಯ?

ಅಷ್ಟರಲ್ಲಿ ಅವಳಿಗೆ ದಮ್ಮು ಮತ್ತೆ ಕೆದರಿತು. ಬೋಪಣ್ಣ ಸ್ಟೀರಾಯ್ಡ್ ಇಂಜೆಕ್ಷನ್ ಜಾಸ್ತಿ ಮಾಡಲು ಬರೆದರು. ಸಿಸ್ಟರ್ ಸಿರಿಂಜಿಗೆ ಎಳೆದುಕೊಂಡು ಬಂದಾಗ ನಾನು ಮಂಚದ ಪಕ್ಕದಲ್ಲಿ ನಿಂತು ಕೊಡಬೇಡಿ ಎಂದೆ. ಇಷ್ಟು ದಿನ ತಿಂದದ್ದನ್ನು ಒಮ್ಮೆಗೇ ನಿಲ್ಲಿಸಿದರೂ ಅಪಾಯ, ಅದಕ್ಕೇ ಇರುವಷ್ಟು ಇರಲಿ, ಒಂದು ಹನಿಯೂ ಹೆಚ್ಚು ಬೇಡ ಎಂದೆ. ಬೋಪಣ್ಣ ಬಂದರು.

"ಮೇಡಂ, ಇದು ನನ್ನ ಆರ್ಡರ್."

"ನಿಮ್ಮ ಆರ್ಡರ್ರೇ. ನಾನು ಇಲ್ಲಿಂದ ಕದಲುವುದಿಲ್ಲ. ನನ್ನ ಮೇಲೆ ದೂರು ಬರೆದು ಕಳಿಸಿ."

"ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಾನೇ. ಸಂಜೆಯವರೆಗೆ ಟೈಮ್ ಕೊಡಿ."

ಅವರು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದರು. ಇಂಜೆಕ್ಷನ್ ಹಾಗೇ ಟ್ರೇಯಲ್ಲಿ ಉಳಿಯಿತು. ಸಿಸ್ಟರನ್ನು ಕೇಳಿದೆ, ಇವಳಿಗೆ ಇವತ್ತು ಮಲ ಹೋಯಿತಾ, ಮತ್ತೊಮ್ಮೆ ಕಳಿಸಬೇಕು. ಸಿಸ್ಟರ್ ಹೇಳಿದಳು, "ಎಲ್ಲಿ ಮೇಡಂ, ಬಂದಾಗಿನಿಂದ ಒಂದು ಸಲಾನೂ ಹೋಗಿಲ್ಲ. ಹೊಟ್ಟೆ ಹಂಗೇ ಬಿಗಿದಿದೆ."

ಒಂದು ಸಲವೂ ಮಲ ಹೋಗದ ರೋಗಿಯ ಮಲ ಪರೀಕ್ಷೆ ಮೂರು ಸಲ ನೆಗೆಟಿವ್ ಬಂದಿತ್ತು.

ಪಳನಿಯಮ್ಮ ಹೊರಗೆ ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಪಕ್ಕದಲ್ಲಿ ಕೂತು, ಡಬ್ಬಿಯಲ್ಲಿ ಕೊಟ್ಟದ್ದು ಯಾರದು ಅಜ್ಜಿ ಎಂದು ಕೇಳಿದೆ. ಅವಳಿಗೆ ಅಡಗಿಸುವಂಥದ್ದು ಏನೂ ಕಾಣಲಿಲ್ಲ.

"ನಂದೇ ಡಾಕ್ಟ್ರಮ್ಮ. ಅವ್ಳಿಗೆ ಬರಲ್ಲ, ಸಿಸ್ಟರ್ ಬಂದು ಬಂದು ಡಬ್ಬಿ ಎಲ್ಲಿ ಅಂತಾರೆ. ನಾನು ಕೊಟ್ಟೆ."

"ಕಾಯಿಲೆ ಅವಳಿಗಲ್ವಾ?"

"ಅದಕ್ಕೇನು? ಒಂದೇ ಮನೆ, ಒಂದೇ ಪಾತ್ರೇಲಿ ಸೋರು ಬೇಯಿಸಿ ತಿನ್ನೋದು. ಅವ್ಳ ಹೊಟ್ಟೇಲಿ ಬೇರೆ ಏನಿರುತ್ತೆ?"

ಒಂದೇ ಅನ್ನ ತಿಂದವರ ಹೊಟ್ಟೆಯಲ್ಲಿ ಒಂದೇ ಇರಬೇಕು ಎಂಬುದು ಅವಳ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪೆಂದು ಈಗಲೂ ಹೇಳಲಾರೆ, ನೀರಿನಿಂದ ಬರುವ ಎಷ್ಟೋ ಕಾಯಿಲೆಗೆ ಅದು ಸರಿಯೇ. ಆದರೆ ಈ ಹುಳ ಅನ್ನದಲ್ಲಿ ಬರುವುದಿಲ್ಲ, ಕಾಲಿನಲ್ಲಿ ಬರುತ್ತದೆ. ಪಳನಿಯಮ್ಮನಿಗೆ ಮೊಣಕಾಲು ಹಿಡಿದು ಪಿಕಿಂಗ್ ಬಿಟ್ಟು ಎಷ್ಟೋ ಕಾಲವಾಗಿತ್ತು, ಮನೆಯಲ್ಲೇ ಇರುತ್ತಿದ್ದಳು, ಅಂಗಳಕ್ಕೂ ಚಪ್ಪಲಿ. ಇನ್ನೂ ಕೆದಕಿದೆ. ಆರೋಗ್ಯ ಶಿಬಿರದವರು ಲೈನಿಗೆ ಡಬ್ಬಿ ಹಂಚಿದಾಗಲೂ ಹೀಗೆಯಂತೆ. ಹುಡುಗಿಯರಿಗೆಲ್ಲ ನಾಚಿಕೆ. ಆದ್ದರಿಂದ ಎಲ್ಲರ ಡಬ್ಬಿಯನ್ನೂ ಪಳನಿಯಮ್ಮನೇ ತುಂಬಿಸಿಕೊಡುತ್ತಿದ್ದಳು. "ನಂಗೆ ಯಾವಾಗ್ಲೂ ಸಲೀಸು" ಎಂದಳು, ಸ್ವಲ್ಪ ಜಂಬದಲ್ಲೇ. ಆ ಲೈನಿನಲ್ಲಿ ಹುಳವೇ ಇಲ್ಲ ಎಂದು ತೋಟದವರು ಎಲ್ಲ ಕಡೆ ಹೇಳಿಕೊಳ್ಳುತ್ತಿದ್ದರು. ಆಗಿದ್ದಿಷ್ಟೇ, ಪಳನಿಯಮ್ಮನಿಗೆ ಹುಳ ಇರಲಿಲ್ಲ.

ನಗು ಬಂತು, ಅಳುವೂ ಬಂತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಸೆಲ್ವಿಯ ಮಲ ಸಿಗುವ ಹಾಗಿಲ್ಲ. ಆದರೆ ಮೂಗಿನ ನಳಿಗೆಯಿಂದ ಬರುತ್ತಿದ್ದ ನೀರು ಅವಳದೇ, ಅದನ್ನು ಬೇರೆ ಯಾರೂ ಅವಳ ಪರವಾಗಿ ಕೊಡಲಾರರು. ಹಸಿರು ನೀರನ್ನು ನಾನೇ ಎಳೆದು, ನಾನೇ ಹಿಡಿದುಕೊಂಡು ಲ್ಯಾಬಿಗೆ ಹೋದೆ. ಶ್ರೀಧರನ್ ಬೇಸಿನ್ ಪಕ್ಕದ ಮೈಕ್ರೋಸ್ಕೋಪಿನ ಧೂಳು ಒರೆಸಿ ಕೂತ. ನಾನು ಕಿಟಕಿಯ ಹತ್ತಿರ ನಿಂತೆ.

"ಮೇಡಂ, ಇಲ್ಲಿ ಬನ್ನಿ" ಎಂದ. "ಓಡ್ತಾ ಉಂಟು."

ನೋಡಿದೆ. ದಾರದ ತುಣುಕಿಗೆ ಜೀವ ಬಂದ ಹಾಗೆ ಮರಿಹುಳ ಬಳುಕುತ್ತಿತ್ತು. ಒಂದಲ್ಲ, ನೋಡಿದ ಕಡೆಯೆಲ್ಲ. ಬೋಪಣ್ಣರನ್ನು ಕರೆಸಿದೆ. ಅವರು ಕಣ್ಣು ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ. ತಪ್ಪಾಯಿತು ಎಂದು ಅವರು ಹೇಳಲಿಲ್ಲ, ನನಗೆ ಅದು ಬೇಕೂ ಇರಲಿಲ್ಲ. "ಐವರ್‌ಮೆಕ್ಟಿನ್ ನಮ್ಮ ಸ್ಟಾಕಲ್ಲಿ ಇಲ್ಲ" ಎಂದರು. ಈ ಹುಳಕ್ಕೆ ಇರುವ ಮಾತ್ರೆ ಅದು. ಜೇಬಿನಿಂದ ಕಾರಿನ ಕೀ ತೆಗೆದು ತಾವೇ ವಿರಾಜಪೇಟೆಗೆ ಹೊರಟರು. ಆ ಒಂದು ಓಡಾಟಕ್ಕಾಗಿ ಅವರನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಮಾತ್ರೆ ಅರೆದು ನಳಿಗೆಯಲ್ಲೇ ಕೊಟ್ಟೆವು. ಆಂಟಿಬಯಾಟಿಕ್ ನಿಲ್ಲಿಸಲಿಲ್ಲ, ಎರಡು ಶತ್ರುಗಳಿದ್ದರೆ ಎರಡಕ್ಕೂ ಹೊಡೆಯಬೇಕು. ಸ್ಟೀರಾಯ್ಡನ್ನು ಮೆಲ್ಲಮೆಲ್ಲಗೆ ಇಳಿಸಿದೆವು. ಸಿಆರ್‌ಪಿ ಇಳಿಯಿತು. ಇಳಿಯುವುದನ್ನು ಮೊದಲೂ ನೋಡಿದ್ದೆವಲ್ಲ, ಯಾರೂ ಸಂತೋಷಪಡಲಿಲ್ಲ. ದಿನಾ ಬೆಳಿಗ್ಗೆ ಬೋಪಣ್ಣ, ಶ್ರೀಧರನ್, ನಾನು ಯಂತ್ರದ ಮುಂದೆ ಪರೀಕ್ಷೆಯ ಫಲಿತಾಂಶಕ್ಕೆ ಬಂದ ಮಕ್ಕಳ ಹಾಗೆ ನಿಲ್ಲುತ್ತಿದ್ದೆವು. ಮತ್ತೆ ಏರಲಿಲ್ಲ. ಕೊನೆಗೆ ಒಂದು ದಿನ ಇಯೊಸಿನೊಫಿಲ್ ಸೊನ್ನೆಯಿಂದ ಎದ್ದಿತು, ಏರಿತು, ರಿಪೋರ್ಟಿನಲ್ಲಿ ಕೆಂಪು ಗುರುತು ಬಿತ್ತು. ಮೈಯ ಕಾವಲು ಎದ್ದು ಕೂತಿದೆ ಎಂದರ್ಥ. ಕೆಂಪು ಗುರುತು ನೋಡಿ ಕುಣಿಯುವಷ್ಟು ಖುಷಿಯಾದದ್ದು ನನಗೆ ಅದೊಂದೇ ಸಲ. ಅವತ್ತು ಸೆಲ್ವಿ ಕಾಫಿ ಬೇಕು ಎಂದಳು.

ಆಮೇಲೆ ನಾನು ತೋಟಕ್ಕೆ ಹೋಗಿ, ಬೆಳಿಗ್ಗೆ ಕೆಲಸ ಹಂಚುವ ಹೊತ್ತಿಗೆ ಹೆಂಗಸರ ಮುಂದೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಲೆಕ್ಕ ಬರೆಯುವ ರೈಟರ್ ಕೆಮ್ಮಿದ, ಮೇನೇಜರ್ ಗಡಿಯಾರ ನೋಡಿದರು. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೊಟ್ಟರೂ ಒಬ್ಬರ ರೋಗಕ್ಕೆ ಇನ್ನೊಬ್ಬರು ಸಾಯಲಾಗುವುದಿಲ್ಲ ಎಂದೆ. ತಲೆ ತಗ್ಗಿಸಿ ಕೇಳಿದರು. ಗುಂಬೂಟು ಕೊಡಿ ಎಂದು ಮೇನೇಜರಿಗೂ ಹೇಳಿದೆ. ನೋಡೋಣ ಎಂದರು. ನಾನು ನಿವೃತ್ತಳಾಗುವವರೆಗೂ ಅವರು ನೋಡುತ್ತಲೇ ಇದ್ದರು, ನಾನೂ ಕೇಳುತ್ತಲೇ ಇದ್ದೆ.

ಹೊಸಬರೇ, ನಿಮ್ಮ ಯಂತ್ರ ನನ್ನ ಕಾಲದ್ದಕ್ಕಿಂತ ಚೆನ್ನಾಗಿದೆ. ಅದು ಸುಳ್ಳು ಹೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗುತ್ತದೆ, ಇಟ್ಟವರು ಯಾರು, ಎಷ್ಟು ಜನ ಎಂದು ಹೇಳುವುದು ಅದರ ಕೆಲಸವಲ್ಲ. ಅದನ್ನು ಹುಡುಕಲು ಮೂಗು ಮುಚ್ಚಿಕೊಳ್ಳದೆ ಡಬ್ಬಿ ತೆರೆಯಬೇಕು, ಅದಕ್ಕೂ ಮೊದಲು ಡಬ್ಬಿ ಯಾರದು ಎಂದು ಕೇಳಬೇಕು. ಇದು ಕೀಳು ಕೆಲಸ ಎನ್ನುವವರು ಬೇರೆ ಕೆಲಸ ನೋಡಿಕೊಳ್ಳಲಿ.

ಬಿಡುಗಡೆಯಾಗಿ ಹೋದ ಸೆಲ್ವಿ ಹೇಳಿದ ದಿನಕ್ಕೆ ಸರಿಯಾಗಿ ತಪಾಸಣೆಗೆ ಬಂದಳು. ಒಪಿಡಿ ತುಂಬಿತ್ತು. ಅವಳು ಸಾಲಿನಲ್ಲಿ ನಿಂತು, ಸರದಿ ಬಂದಾಗ ಒಳಗೆ ಬಂದು, ಸೆರಗಿನ ಮರೆಯಲ್ಲಿ ಅಲ್ಲ, ಕೈಯಲ್ಲೇ ಎಲ್ಲರಿಗೂ ಕಾಣುವ ಹಾಗೆ ಹಿಡಿದಿದ್ದ ಡಬ್ಬಿಯನ್ನು ಬೋಪಣ್ಣರ ಮೇಜಿನ ಮೇಲೆ ಇಟ್ಟಳು.

"ಇದು ನಂದೇ ಡಾಕ್ಟ್ರೇ. ಅತ್ತೆದಲ್ಲ."

ಹೊರಗಿನ ಬೆಂಚಿನಲ್ಲಿ ಕೂತ ಹೆಂಗಸರಿಗೆಲ್ಲ ಕೇಳಿಸಿತು. ಅವರಲ್ಲಿ ಅವಳ ಲೈನಿನವರೂ ಇದ್ದರು, ಅವರ ಮಡಿಲಲ್ಲೂ ಡಬ್ಬಿಗಳಿದ್ದವು. ಬೋಪಣ್ಣ ಊಟಕ್ಕೆಂದು ಆಗಷ್ಟೇ ಎದ್ದಿದ್ದರು. ಡಬ್ಬಿಯನ್ನು ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು, ಮತ್ತೆ ಕುರ್ಚಿಯಲ್ಲಿ ಕೂತರು.